ಚಿಗುರಿದ ಬುಟ್ಟಿ

ಘೋಡಗೇರಿಯ ಶೆಟ್ಟೆವ್ವ ಹೊಳೆದಂಡೆಯ ಲಕ್ಕಿ ಗಿಡದ ಬರಲಿನಿಂದ, ಅದರ ಸಪೂರ ಕಡ್ಡಿಗಳಿಂದ, ಬುಟ್ಟಿ ಹೆಣೆದು ಬದುಕಿದವಳು. ಪ್ಲೇಗು ಬಂದುಹೋದ ಮರುವರ್ಷ ಹೊಳೆ ಉಕ್ಕಿ ಲಕ್ಕಿ ಗಿಡಗಳನ್ನೆಲ್ಲ ಬೇರುಸಹಿತ ಒಯ್ದಿತು. ಕೆಲಸವಿಲ್ಲದೆ ದಂಡೆಯಲ್ಲಿ ಕೂತವಳ ಮಂಪರಿನಲ್ಲಿ ಅವುಗಳ ನೀಲಿ ಹೂಗೊಂಚಲುಗಳು ನೀರಿನ ಮೇಲೆ ತೂಗುತ್ತಿದ್ದವು. ಕಣ್ಣು ತೆರೆದರೆ ಬರೀ ಕೆಸರು.

ಒಂದು ದಿನ ಗೌಡರ ಮನೆಯ ಗೌರವ್ವ ಬಂದು, ಹೊಳೆ ಉಕ್ಕುವ ಮುಂಚೆ ಅವಳಿಂದಲೇ ಒಯ್ದಿದ್ದ ಸಗಣಿ ಬುಟ್ಟಿಯನ್ನು ಎದುರಿಗೆ ಕುಕ್ಕಿದಳು.

“ನಾ ಕೇಳಿದ್ದು ಬುಟ್ಟಿ, ನೀ ಕೊಟ್ಟಿದ್ದು ಗಿಡಾ!”

ಅವಸರಕ್ಕೆ ಹಸಿ ಬರಲಿನಲ್ಲೇ ಹೆಣೆದಿದ್ದ ಬುಟ್ಟಿ ತಿಪ್ಪೆಯ ತೇವಕ್ಕೆ ಮೈತುಂಬ ಚಿಗುರಿತ್ತು. ಹೆಣೆಯುವವರು ನಾಚಬೇಕಾದ ತಪ್ಪು. ಶೆಟ್ಟೆವ್ವ ಮಾತ್ರ ಎಲೆಗೆ ಮೂಗು ಹಚ್ಚಿ ಲಕ್ಕಿಯ ಆ ಕಟು ವಾಸನೆಯನ್ನು ಎಳೆದುಕೊಂಡಳು.

“ಇದನ್ನ ನನಗ ಬಿಡ್ರಿ, ಅವ್ವಾರ. ಮುಂದ ಎರಡು ಹೆಣದು ಕೊಡತೇನಿ.”

“ಯಾತರ್ಲೆ ಹೆಣೀತಿ?”

“ಇದರ್ಲೇ.”

ಅಂದವಳೇ ಬುಟ್ಟಿಯನ್ನು ಹಾಗೆಯೇ ಒಯ್ದು, ದಂಡೆಯ ಕೆಸರಿನಲ್ಲಿ ಅಂಚಿನವರೆಗೂ ಹೂತಳು.