ವೆರಾಂಡದಲ್ಲಿ ಆರು ನಿಮಿಷ

ಏನ್ರಪ್ಪಾ, ಆಚೆ ಕಡೆ ಹೋಗ್ತಿರೋರೇ! ಒಂದು ಗಳಿಗೆ ನಿಂತ್ಕೊಳ್ಳಿ. ಫೋನಲ್ಲೇ ಹೇಳ್ತೀನಿ, ಕಿವಿಗೆ ಇಟ್ಕೊಳ್ಳಿ. ನಮ್ಮ ಸೀಟಿ ಮಾವನ ಸಮಾಚಾರ ಕೇಳ್ಕೊಂಡು ಹೋಗಿ.

ಸೀಟಿ ಮಾವ ಮೂವತ್ತೆಂಟು ವರ್ಷ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಅವರು ಸೀಟಿ ಊದಿದರೆ ಬಸ್ಸಷ್ಟೇ ಅಲ್ಲ, ರಸ್ತೆ ದಾಟುವ ನಾಯಿಯೂ ನಿಲ್ಲುತ್ತಿತ್ತಂತೆ. ಇಡೀ ಸರ್ವೀಸಿನಲ್ಲಿ ಡ್ಯೂಟಿಯ ಮೇಲೆ ಒಮ್ಮೆಯೂ ಕೂತವರಲ್ಲ. ಬಸ್ಸು ಖಾಲಿ ಓಡುತ್ತಿದ್ದರೂ ಕಂಬಿ ಹಿಡಿದು ನಿಂತೇ ಇರುತ್ತಿದ್ದರು. "ಕೂರೋದು ಟಿಕೆಟ್ ತಗೊಂಡೋರ ಕೆಲಸ" ಎನ್ನುತ್ತಿದ್ದರು.

ಈಗ ಅವರ ಶ್ವಾಸಕೋಶ ಒಣಗಿದ ತೊಗಲಿನ ಹಾಗೆ ಗಟ್ಟಿಯಾಗುತ್ತಿದೆ. ಹದಿನೆಂಟು ದಿನ ವಾರ್ಡಿನಲ್ಲಿ ಮಲಗಿ ಬಂದರು. ಅಷ್ಟರಲ್ಲಿ ಅಕ್ಕಪಕ್ಕದ ಮೂರು ಮಂಚ ಖಾಲಿಯಾದವು. ಆ ಮೂವರಲ್ಲಿ ಯಾರೂ ಮನೆಗೆ ಹೋಗಿರಲಿಲ್ಲ. ಅಂದಿನಿಂದ ಮಾವನ ಬಾಯಲ್ಲಿ ಒಂದೇ ಮಾತು: "ಹೋಗೋದಾದ್ರೆ ಮನೆಯಿಂದಾನೇ ಹೋಗ್ತೀನಿ. ಆ ವಾರ್ಡಿಗೆ ಮಾತ್ರ ಮತ್ತೆ ಕಾಲಿಡಲ್ಲ."

ಹಾಗಾಗಿ ಶ್ವಾಸಕೋಶಕ್ಕೆಂದು ಆಸ್ಪತ್ರೆಯವರು ಹೇಳಿದ ವ್ಯಾಯಾಮವೆಲ್ಲ ಮನೆಯಲ್ಲೇ. ಮೂಲೆಯಲ್ಲಿ ಆಕ್ಸಿಜನ್ ಮೆಷಿನ್ ಗುರುಗುಟ್ಟುತ್ತದೆ. ಅದರ ಉದ್ದನೆಯ ಕೊಳವೆ ಮಾವನ ಮೂಗಿಗೆ. ಬೆರಳಿಗೆ ಕಚ್ಚಿಸಿದ ಕ್ಲಿಪ್ಪು ರಕ್ತದಲ್ಲಿ ಆಕ್ಸಿಜನ್ ನೂರಕ್ಕೆ ಎಷ್ಟಿದೆಯೆಂದು ಫೋನಿಗೆ ಹೇಳುತ್ತದೆ. ಫೋನು ಆಸ್ಪತ್ರೆಯ ಫಿಸಿಯೋ ಮೇಡಂಗೆ ಹೇಳುತ್ತದೆ. ದಿನಾ ಹತ್ತಕ್ಕೆ ಮೇಡಂ ವಿಡಿಯೋದಲ್ಲಿ ಬರುತ್ತಾರೆ. ಮುಂದೆ ಮಾವ, ಹಿಂದೆ ಫೋನ್ ಹಿಡಿದ ಸೊಸೆ. ಬಾಗಿಲಿಂದ ಮೆಟ್ಟಿಲಿನ ತನಕ ಹದಿನೈದು ಹೆಜ್ಜೆಯ ವೆರಾಂಡದಲ್ಲಿ ಹೋಗುವುದು, ಬರುವುದು.

ಮಂಗಳವಾರ ಆರು ನಿಮಿಷದ ನಡಿಗೆ ಪರೀಕ್ಷೆ ಇತ್ತು. ಮಾವ ಎಲ್ಲೂ ನಿಲ್ಲದೆ ನಡೆದೇ ನಡೆದರು. ತುಟಿ ನೀಲಿಗಟ್ಟಿತು. ಕ್ಲಿಪ್ಪಿನ ಅಂಕಿ ಎಪ್ಪತ್ತೊಂಬತ್ತಕ್ಕೆ ಇಳಿಯಿತು.

"ಸುಸ್ತಾಗ್ತಿಲ್ವಾ ಸರ್?"

"ಏನೂ ಇಲ್ಲ ಮೇಡಂ, ಆರಾಮ್" ಎಂದರು, ಗೋಡೆ ಹಿಡಿದುಕೊಂಡು.

ಮೇಡಂ ನಗಲಿಲ್ಲ. "ಶುಕ್ರವಾರ ಇನ್ನೊಂದ್ಸಲ ನೋಡ್ತೀನಿ. ಎಂಬತ್ತೈದಕ್ಕಿಂತ ಕೆಳಗೆ ಹೋದ್ರೆ ಮನೇಲಿ ಇಟ್ಕೊಂಡು ನೋಡೋಕಾಗಲ್ಲ, ವಾರ್ಡಿಗೇ ಬರ್ಬೇಕು. ಮಧ್ಯೆ ಕೂತು ಸುಧಾರಿಸ್ಕೊಳ್ಳಿ ಸರ್. ಅದೂ ಚಿಕಿತ್ಸೆನೇ."

ಶುಕ್ರವಾರ ಸೊಸೆ ವೆರಾಂಡದ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿದಳು. ಮಾವ ಕೂರದೆ ಅದನ್ನು ಸುತ್ತಿಕೊಂಡು ನಡೆದರು.

"ಯಾರಿಗಮ್ಮ ರಿಸರ್ವ್ ಮಾಡಿದೀಯ?"

"ಹಿರಿಯ ನಾಗರಿಕರಿಗೆ. ನಿಮಗಿಂತ ಹಿರಿಯರು ಬಂದ್ರೆ ಎಬ್ಬಿಸ್ತೀನಿ, ಕೂತ್ಕೊಳ್ಳಿ."

"ನನ್ನ ಡ್ಯೂಟೀಲಿ ಕೂರೋ ಹಂಗಿಲ್ಲ."

ಕ್ಲಿಪ್ಪಿನ ಅಂಕಿ ತೊಂಬತ್ತು. ಎಂಬತ್ತೊಂಬತ್ತು. ಮಾವನ ಉಸಿರು ಗರಗಸ ಎಳೆದ ಹಾಗೆ ಕೇಳತೊಡಗಿತು. ಎಂಬತ್ತೇಳು.

"ಸರ್, ಕೂತ್ಕೊಳ್ಳಿ!" ಫೋನಿನಿಂದ ಮೇಡಂ ಕೂಗಿದರು. ಮಾವ ತಲೆಯಾಡಿಸಿ ಕುರ್ಚಿ ದಾಟಿದರು.

ಸೊಸೆ ಫೋನ್ ಹಿಡಿದು ಕುರ್ಚಿಯ ಪಕ್ಕದಲ್ಲೇ ನಿಂತುಬಿಟ್ಟಳು. "ಮಾವ, ಆ ವಾರ್ಡಿನ ಬಾಗಿಲ ಹೊರಗೆ ನಾನೂ ಹದಿನೆಂಟು ದಿನ ನಿಂತಿದ್ದೆ. ಇನ್ನೊಂದ್ಸಲ ನಿಲ್ಲೋಕೆ ನನ್ ಕೈಲಾಗಲ್ಲ."

ಮಾವ ತಿರುಗಿ ನೋಡಿದರು. ಆ ಹದಿನೆಂಟು ದಿನವೂ ಅವರು ಒಳಗಿನ ಮಂಚಗಳನ್ನೇ ಎಣಿಸಿದ್ದರು. ದಿನವೆಲ್ಲ ತಲೆ ಎಣಿಸಿ ಬದುಕಿದ ಮನುಷ್ಯ, ಹೊರಗೆ ನಿಂತವಳನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಎರಡು ಹೆಜ್ಜೆ ಹಿಂದಕ್ಕೆ ಬಂದರು. ಕೊಳವೆ ಕಾಲಿಗೆ ಸಿಗದಂತೆ ಪಕ್ಕಕ್ಕೆ ಸರಿಸಿ, ಕೂತರು.

"ತುಟಿ ಚೂಪು ಮಾಡಿ, ನಿಧಾನಕ್ಕೆ ಉಸಿರು ಬಿಡಿ" ಎಂದರು ಮೇಡಂ. ಮಾವ ಊದಿದರು. ಮತ್ತೆ ಊದಿದರು. ಅಂಕಿ ತೊಂಬತ್ತೊಂದಕ್ಕೆ ಹತ್ತಿದ ಮೇಲೆ ಎದ್ದು ನಡೆದರು. ಆಮೇಲೆ ಯಾರೂ ಹೇಳದೆಯೇ ಇನ್ನೊಂದು ಸಲ ಕೂತರು.

ಮಂಗಳವಾರಕ್ಕಿಂತ ನಲವತ್ತು ಹೆಜ್ಜೆ ಕಡಿಮೆಯಾಯಿತು. ಅಂಕಿ ಮಾತ್ರ ಎಂಬತ್ತಾರರ ಕೆಳಗೆ ಹೋಗಲಿಲ್ಲ.

"ಮನೇಲೇ ಇರಿ ಸರ್" ಎಂದರು ಮೇಡಂ. ಆಮೇಲೆ, "ಇದು ವಾಸಿಯಾಗೋ ಕಾಯಿಲೆ ಅಲ್ಲ. ಇರೋ ಉಸಿರನ್ನ ನೋಡ್ಕೊಂಡು ಬಳಸ್ಬೇಕು, ಅಷ್ಟೇ" ಎಂದರು.

"ಗೊತ್ತು ಮೇಡಂ."

ಸಂಜೆ ಮಾವ ಮಂಚದ ಕೆಳಗಿಂದ ಒಂದು ಚೀಲ ಎಳೆದರು. ಮಂಗಳವಾರವೇ, ಯಾರಿಗೂ ಹೇಳದೆ, ವಾರ್ಡಿಗೆಂದು ತುಂಬಿಟ್ಟಿದ್ದ ಚೀಲ. ಸೋಪು, ಬಾಚಣಿಗೆ, ಸ್ಟೀಲ್ ಲೋಟ ಒಂದೊಂದನ್ನೇ ಒಯ್ದು ಅದರದರ ಜಾಗಕ್ಕೆ ಸೇರಿಸಿದರು. ಟವೆಲನ್ನು ಬಚ್ಚಲಮನೆಯ ಮೊಳೆಗೆ ನೇತುಹಾಕಿದರು. ಖಾಲಿ ಚೀಲವನ್ನು ನಾಲ್ಕಾಗಿ ಮಡಚಿ ಸೊಸೆಯ ಕೈಗೆ ಕೊಟ್ಟರು.

"ತರಕಾರಿ ತರೋಕೆ ಇಟ್ಕೋ."