ಡಿಕ್ಕಿಯಲ್ಲಿನ ಗುಮ್ಮನ ಪೆಟ್ಟಿಗೆ

ಮೊನ್ನೆ ಮಧುಗಿರಿ ಬಸ್ ಸ್ಟ್ಯಾಂಡಿನ ಹತ್ತಿರ ಫೋನು ರಿಪೇರಿಗೆ ಕೊಟ್ಟು ನಿಂತಿದ್ದೆ. ಅಂಗಡಿಯ ಹೆಂಗಸು ಬೆಸುಗೆ ಹಾಕುವ ಕಾದ ಕಡ್ಡಿಯನ್ನು ತಂತಿಗೆ ಮುಟ್ಟಿಸಿದಳು. ಬಿಳಿ ಹೊಗೆ ಎದ್ದಿತು. ರಾಳದ ಹೊಗೆ. ಮೂಗಿಗೆ ಬಡಿದದ್ದೇ ತಡ, ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಸುಮಾರು ನಲವತ್ತು ವರ್ಷದ ಹಿಂದೆ ನಮ್ಮ ಮನೆಯ ಗೋಡೆಗೆ ಅಂಟಿಕೊಂಡಿದ್ದ ರೇಡಿಯೋ ಅಂಗಡಿಯಿಂದ ದಿನಾ ಬರುತ್ತಿದ್ದ ವಾಸನೆ ಅದು. ಆ ಅಂಗಡಿ ಮುಚ್ಚಿತು. ಮುಚ್ಚಿಸಿದವಳು ನಾನು.

ಅವನನ್ನು ಊರೆಲ್ಲ ರೇಡಿಯೋದವನು ಎನ್ನುತ್ತಿತ್ತು. ಕೊರಟಗೆರೆಯಿಂದ, ಕೊಡಿಗೇನಹಳ್ಳಿಯಿಂದ ಜನ ರೇಡಿಯೋ ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಅವನ ಬಾಯಲ್ಲಿ ಹೊತ್ತುಹೊತ್ತಿಗೂ ಬೇವಿನ ಕಡ್ಡಿ. ಒಂದು ತುದಿ ಹಲ್ಲಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ರೇಡಿಯೋಗೆ ಒತ್ತಿ, ಕಣ್ಣು ಮುಚ್ಚಿ ಕೂರುತ್ತಿದ್ದ. "ಇವ್ನು ರೇಡಿಯೋಗೂ ಹಲ್ಲುಜ್ತಾನೆ" ಎಂದು ನಾವು ನಗುತ್ತಿದ್ದೆವು. ಅಂಗಡಿಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. "ಬಾಯ್ ಮುಚ್ಕಂಡು ಕುಂತ್ಕಳಿ, ನಂಗೆ ಕಿವಿ ಬೇಕು" ಎಂದು ಗದರುತ್ತಿದ್ದ. ನಾನು ಬೆನ್ನ ಹಿಂದಿನಿಂದ ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ಭುಜ ತಟ್ಟಿದರೆ, "ಎದ್ರಿಗೆ ಬಂದು ಮಾತಾಡಕ್ಕ, ಬೆನ್ನಿಂದೆ ಮಾತಾಡೋರು ಕಳ್ರು" ಅನ್ನುತ್ತಿದ್ದ. ಕಸುಬು ಬಲ್ಲವನಿಗೆ ಅಷ್ಟು ಕೊಬ್ಬು ಇರಲಿ ಬಿಡು ಎಂದುಕೊಂಡಿದ್ದೆ.

ಆಗ ಪಾವಗಡದ ಕಡಲೆಕಾಯಿ ಸಾಹುಕಾರ ಒಬ್ಬ ಡೀಸೆಲ್ ಅಂಬಾಸಿಡರ್ ಕಾರು ತಂದು ನಿಲ್ಲಿಸಿದ. ಮಗಳ ಮದುವೆ ಹತ್ತಿರವಿತ್ತು. ಕಾರಿನಲ್ಲಿ ಟೇಪು ಹಾಕಿದರೆ ಬೀದಿಯ ಕೊನೆಯವರ ಎದೆಯೂ ಗುಮ್ಮೆನ್ನಬೇಕು, ಅಂಥದ್ದೊಂದು ಮಾಡಿಕೊಡು ಎಂದ. ಮೆಚ್ಚಿಗೆಯಾದರೆ ಪಾವಗಡ ಬಸ್ ಸ್ಟ್ಯಾಂಡಿನ ಎದುರಿಗಿದ್ದ ತನ್ನ ಮಳಿಗೆಯನ್ನು ಅವನಿಗೇ ಬಿಟ್ಟುಕೊಡುವುದಾಗಿ ಮಾತು ಕೊಟ್ಟ. ರೇಡಿಯೋದವನಿಗೆ ಅದು ಬೇಕೇ ಬೇಕಿತ್ತು. ಟಿ.ವಿ. ಬಂದು ರೇಡಿಯೋ ಕೆಲಸ ಇಳಿದಿತ್ತು. ಜಾಗ ಖಾಲಿ ಮಾಡು ಎಂದು ಅಂಗಡಿಯ ಯಜಮಾನ ದಿನಾ ಬಾಗಿಲಲ್ಲಿ ನಿಂತು ಕೂಗುತ್ತಿದ್ದ. ಮನೆಯಲ್ಲಿ ಹೆಂಡತಿ, ಎರಡು ಹೆಣ್ಣುಮಕ್ಕಳು.

ಈಗಿನವರು ಅದಕ್ಕೆ ಊಫರ್ ಅನ್ನುತ್ತಾರಂತೆ. ನಮಗೆ ಹೆಸರು ಗೊತ್ತಿರಲಿಲ್ಲ, ಗುಮ್ಮನ ಪೆಟ್ಟಿಗೆ ಎಂದೆವು. ಟೆಂಟ್ ಸಿನಿಮಾದವರು ಬಿಟ್ಟುಹೋಗಿದ್ದ ಸ್ಪೀಕರು, ಮೊರದಷ್ಟು ಅಗಲ. ಅದಕ್ಕೆ ಹಳೇ ಬಾಗಿಲಿನ ಹಲಗೆ ಕೊಯ್ದು, ಕಾರಿನ ಡಿಕ್ಕಿಗೆ ಅಳತೆ ಹಿಡಿದು, ತಾನೇ ಪೆಟ್ಟಿಗೆ ಕಟ್ಟಿದ. "ಉಸ್ರು ಆಚೆ ಹೋಗ್ಬಾರ್ದು ಕಣಕ್ಕ, ಉಸ್ರು ಹೋದ್ರೆ ಗುಮ್ಮ ಹೋದಂಗೆ" ಎಂದು ಸಂದಿಸಂದಿಗೂ ಬಟ್ಟೆ ಚೂರು ಅಂಟಿಸಿದ. ನಮ್ಮದು ಕಂಬಳಿ ನೇಯುವ ಮನೆ. ನೂಲಿಗೆ ಬಳಿಯುವ ಹುಣಸೆ ಬೀಜದ ಸರಿಯನ್ನೇ ಅಂಟಿಗೆ ಕೊಟ್ಟೆ. ಸದ್ದು ಒಳಗೇ ಸುತ್ತಾಡದಂತೆ ತುಂಬಲು ಉಣ್ಣೆಯೂ ಬೇಕೆಂದ. ನಾನು ತಲೆ ಬಗ್ಗಿಸಿ ನೂಲುತ್ತಾ, "ಕುರಿ ಉಣ್ಣೆ ತುಂಬಿ ಹಾಡುಸ್ತೀಯಾ? ಬ್ಯಾ ಅಂದಾತು ಕಣ್ಲಾ" ಎಂದು ಹಂಗಿಸಿದೆ. ಅವನು ನಗಲಿಲ್ಲ. ಹಲಗೆ ಉಜ್ಜುತ್ತಲೇ ಇದ್ದ.

ಸಾಹುಕಾರ ನೋಡಲು ಬರುವ ದಿನ ಬೆಳಗ್ಗೆ ಉಣ್ಣೆ ಇನ್ನೊಂದು ಹಿಡಿ ಬೇಕೆಂದು ಕರೆದ. ಚೀಲ ಹೊತ್ತು ಹೋದೆ. ಹಿಂದಿನ ದಿನವೇ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿ ಕೂರಿಸಿ, ಕಡ್ಡಿ ಕಚ್ಚಿ ಅದಕ್ಕೆ ಒತ್ತಿ, ನೂರು ಸಲ ಪರೀಕ್ಷೆ ಮಾಡಿ ಮುಗಿಸಿದ್ದ. ನಾನು ಉಣ್ಣೆ ತುರುಕಿದೆ, ಅವನು ಹಲಗೆ ಮುಚ್ಚಿ ಸ್ಕ್ರೂ ಬಿಗಿದ. ಚೀಲ ಎಳೆದುಕೊಂಡು ಡಿಕ್ಕಿಯ ಪಕ್ಕದಲ್ಲೇ ಕೂತೆ.

ಸಾಹುಕಾರ ಬಂದದ್ದೇ ರೇಡಿಯೋದವನು ಬಾಯಿಂದ ಕಡ್ಡಿ ತೆಗೆದು ಸೊಂಟಕ್ಕೆ ಸಿಕ್ಕಿಸಿದ. ದೊಡ್ಡವರ ಎದುರಿಗೆ ಬೀಡಿಯಾಗಲಿ ಬೇವಿನ ಕಡ್ಡಿಯಾಗಲಿ ಬಾಯಲ್ಲಿ ಇಟ್ಟುಕೊಳ್ಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಬ್ಯಾಟರಿ ಇಳಿದೀತೆಂದು ಸಾಹುಕಾರನ ಡ್ರೈವರು ಇಂಜಿನ್ ಚಾಲೂ ಮಾಡಿ, ಆಮೇಲೆ ಟೇಪು ಹಾಕಿದ. ಇಂಜಿನ್ನು ಗಡಗಡ ಅಂದಿತು. ಅಷ್ಟೇ. ಹಾಡೂ ಇಲ್ಲ, ಗುಮ್ಮನೂ ಇಲ್ಲ.

ರೇಡಿಯೋದವನು ಡಿಕ್ಕಿಯ ಅಂಚಿಗೆ ಅಂಗೈ ಊರಿ ನಿಂತಿದ್ದ. ಮುಖ ಅರಳಿತು. ತಾಳ ಹಾಕುವವನಂತೆ ತಲೆದೂಗಿದ.

"ಹೆಂಗೈತೆ ಸಾಮಿ? ಎದೆ ಗುದ್ತಾ ಇಲ್ವಾ?"

ಸಾಹುಕಾರ ಮಿಕಿಮಿಕಿ ನೋಡಿದ. "ಏಮಯ್ಯಾ, ಏನು ಗುದ್ದೋದು?"

ಅಷ್ಟರಲ್ಲಿ ರೇಡಿಯೋದವನು ಡ್ರೈವರನ ಕಡೆ ತಿರುಗಿದ್ದ. "ಅಣ್ಣೋ, ಇನ್ನೊಂಚೂರು ತಿರುವು! ಸಾಹುಕಾರ್ರಿಗೆ ಸಾಲ್ದು!"

ಸಾಹುಕಾರ ಹೊಟ್ಟೆ ಹಿಡಿದು ನಕ್ಕ. "ಭಲೇ ತಮಾಷೆ ಮನುಷ್ಯನಪ್ಪಾ ಇವ್ನು!" ಅಲ್ಲಿಗೆ ಬಿಟ್ಟಿದ್ದರೆ ತಮಾಷೆಯಾಗಿಯೇ ಮುಗಿದುಹೋಗುತ್ತಿತ್ತು. ಆದರೆ ನಾನು ಡಿಕ್ಕಿಯ ಕಡೆ ತಿರುಗಿದೆ. ಅವನ ಅಂಗೈ ನೋಡಿದೆ. ಇಂಜಿನ್ನಿಗೆ ಡಿಕ್ಕಿಯ ತಗಡು ಅದುರುತ್ತಿತ್ತು, ಅವನು ಅದನ್ನೇ ಹಾಡು ಎಂದುಕೊಂಡು ತಲೆದೂಗುತ್ತಿದ್ದ. ಕಡ್ಡಿ, ಗದರಿಕೆ, ಬೆನ್ನ ಹಿಂದಿನ ಕಳ್ಳರು, ನಗದೇ ಹೋದ ನನ್ನ ಹಾಸ್ಯ, ಎಲ್ಲಾ ಒಟ್ಟಿಗೆ ತಲೆಗೆ ಹೊಡೆದವು. ಎದ್ದು ಅವನ ಎದುರಿಗೆ ನಿಂತು ಕೂಗಿಬಿಟ್ಟೆ.

"ಲೇ, ಇಂಜಿನ್ ಅದುರ್ತಿರಾದು ಕಣ್ಲಾ ಅದು! ಸೌಂಡೇ ಬತ್ತಾ ಇಲ್ಲ! ನಿಂಗೆ ಕಿವೀನೇ ಕೇಳ್ಸಲ್ವೇನ್ಲಾ?"

ಅವನು ನನ್ನ ಬಾಯಿ ನೋಡುತ್ತಿದ್ದ. ಒಂದೊಂದು ಮಾತನ್ನೂ ತುಟಿಯಿಂದಲೇ ಓದಿಕೊಂಡ. ಮುಖ ಬೂದಿಯಾಯಿತು. ಊರಿದ್ದ ಕೈಯನ್ನು ಬೆಂಕಿ ಮುಟ್ಟಿದವನಂತೆ ಹಿಂದಕ್ಕೆ ಎಳೆದುಕೊಂಡ.

ಸಾಹುಕಾರನ ನಗು ನಿಂತಿತು. "ಚೆವಿಟಿವಾಡಾ?" ಎಂದ. ಕಿವುಡನಾ, ಅಂತ.

ಡ್ರೈವರು ಇಳಿದು ಬಂದು, ಪೆಟ್ಟಿಗೆಯ ಹಿಂದೆ ಒಂದು ವೈರು ಕಳಚಿದ್ದನ್ನು ಕಂಡು ಸಿಕ್ಕಿಸಿದ. ಗುಮ್! ನಮ್ಮ ಮನೆಯ ಅಟ್ಟದ ಪಾತ್ರೆಗಳು ಝಣಝಣ ಅಂದವು. ಹೊಟ್ಟೆಯೊಳಗೆ ಕೈ ಹಾಕಿ ಕುಲುಕಿದಂಥ ಸದ್ದು. ಅಂಥದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಮಾಡಿದವನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ.

ಸಾಹುಕಾರ ಪೆಟ್ಟಿಗೆ ಬಿಡಲಿಲ್ಲ, ಕಾರಿನ ಜೊತೆ ತೆಗೆದುಕೊಂಡು ಹೋದ. ಮಳಿಗೆಯ ಮಾತು ಮತ್ತೆ ಎತ್ತಲಿಲ್ಲ. ವಾರ ತುಂಬುವುದರೊಳಗೆ ಜನ ಬಂದು, ರಿಪೇರಿ ಆಗಿದ್ದನ್ನೂ ಆಗದ್ದನ್ನೂ ಎತ್ತಿಕೊಂಡು ಹೋದರು. ಕಿವುಡನ ಕೈಗೆ ಯಾರು ರೇಡಿಯೋ ಕೊಡುತ್ತಾರೆ?

ಅಂಗಡಿಯ ಗೂಡೆಲ್ಲ ಬರಿದಾದ ದಿನ ಅವನೇ ನಮ್ಮ ಜಗಲಿಗೆ ಬಂದು ಕೂತ. ಬೈಯುತ್ತಾನೆ ಎಂದುಕೊಂಡೆ.

"ಆರು ವರ್ಸ ಆಗಿತ್ತಕ್ಕ ಕಿವಿ ಹೋಗಿ. ನನ್ನೆಂಡ್ರು ಬಿಟ್ರೆ ಯಾರ್ಗೂ ಗೊತ್ತಿರ್ಲಿಲ್ಲ. ಕಡ್ಡಿ ಕಚ್ಚುದ್ರೆ ಸದ್ದು ಹಲ್ಲಿಗೆ ಅದುರ್ತಿತ್ತು, ಅದ್ರಲ್ಲೇ ಕೆಲ್ಸ ಮಾಡ್ತಿದ್ದೆ" ಎಂದ.

ಆರು ವರ್ಷ! ಆ ಆರು ವರ್ಷದಲ್ಲಿ ನನ್ನ ರೇಡಿಯೋವನ್ನೇ ಎರಡು ಸಲ ರಿಪೇರಿ ಮಾಡಿಕೊಟ್ಟಿದ್ದ. ಆ ಹೊತ್ತಿಗೂ ಮನೆಯೊಳಗೆ ಅದು ಹಾಡುತ್ತಲೇ ಇತ್ತು. ಬೇಡದಾಗ ಬಾಯಿ ಬಿಟ್ಟವಳು, ಬೇಕಾದಾಗ ಮೂಗಿಯಾದೆ.

ಅವರೆಲ್ಲ ತಾವರೆಕೆರೆ ಕಡೆ ಅವನ ಹೆಂಡತಿಯ ಊರಿಗೆ ಹೋದರು. ಕೂಲಿ ಮಾಡುತ್ತಿದ್ದನಂತೆ. ಕೆಲವು ವರ್ಷದ ಮೇಲೆ ಪಾವಗಡದ ಒಂದು ಮದುವೆಯಲ್ಲಿ ಆ ಕಾರು ಎದುರಿಗೇ ಹಾದುಹೋಯಿತು. ಪೆಟ್ಟಿಗೆ ಹಾಗೇ ಗುದ್ದುತ್ತಿತ್ತು. ಒಂದು ಸಂದಿಯೂ ಬಿಟ್ಟಿರಲಿಲ್ಲ. ಹೋಗಿ ಅವನಿಗೆ ಹೇಳಬೇಕೆಂದುಕೊಂಡೆ... ಹೋಗಲಿಲ್ಲ. ಅವನು ಸತ್ತ ಸುದ್ದಿ ನನಗೆ ಮುಟ್ಟಿದ್ದು ಮಣ್ಣು ಮಾಡಿ ತಿಂಗಳು ಕಳೆದ ಮೇಲೆ.

ಅತ್ತರೆ ಬರುವವನಲ್ಲ, ಅಳುವುದೂ ಇಲ್ಲ. ಆದರೆ ಗಂಡನಿಗೂ ಹೇಳದ ಒಂದು ಮಾತಿದೆ. ನನಗೂ ವಯಸ್ಸಾಯಿತು, ಈಗ ಹೇಳುತ್ತೇನೆ. ಆ ವೈರು ನನ್ನ ಉಣ್ಣೆ ಚೀಲಕ್ಕೆ ಸಿಕ್ಕಿಕೊಂಡೇ ಕಳಚಿದ್ದು. ನನ್ನ ಮೊಣಕಾಲಿನ ಪಕ್ಕ ನೇತಾಡುತ್ತಿತ್ತು, ಕೂಗುವ ಮುಂಚೆಯೇ ನನ್ನ ಕಣ್ಣಿಗೆ ಬಿದ್ದಿತ್ತು. ಕೈ ಚಾಚಿ ಸಿಕ್ಕಿಸಿದ್ದರೆ ಸಾಕಿತ್ತು. ಕೈಗಿಂತ ಮುಂಚೆ ಬಾಯಿ ಹೋಯಿತು.