ಕಂಬಿ ಕೇಳಿದರೆ ಯಂತ್ರವನ್ನೇ ಇಳಿಸುತ್ತಾರಂತೆ!

ಬೆಳಗಿನ ಐದೂಮುಕ್ಕಾಲು. ಎಪ್ಪತ್ತೆಂಟು ಮೆಟ್ಟಿಲು ಹತ್ತಿ ಶಾಲೆಯ ತಾರಸಿಗೆ ಬಂದ ಈ ಮಹಿಳೆ ಮೊದಲು ಗೋಡೆ ಹಿಡಿದು ಸುಧಾರಿಸಿಕೊಳ್ಳುತ್ತಾರೆ. ಆಮೇಲೆ ಯಂತ್ರದ ಮುಚ್ಚಳ ತೆಗೆದು, ನಿನ್ನೆ ಬೆಳ್ಳಗಿದ್ದ ಕಾಗದವನ್ನು ಚಿಮುಟದಲ್ಲಿ ಮೆಲ್ಲಗೆ ಎತ್ತುತ್ತಾರೆ. ಅದೀಗ ಬಾಣಲೆಯ ತಳದ ಹಾಗೆ ಕಪ್ಪಗಾಗಿದೆ. ಹತ್ತಿರದಿಂದ ನೋಡಲು ಹೋದ ನನಗೆ ಗದರಿಕೆ ಬೀಳುತ್ತದೆ: "ಮುಟ್ಬೇಡಿ ಸಾರ್! ನಿಮ್ಮ ಬೆರಳಿನ ಜಿಡ್ಡೂ ತೂಕಕ್ಕೆ ಬರುತ್ತೆ."

ಮಕ್ಕಳ ಬಾಯಲ್ಲಿ ಇವರು ಧೂಳಕ್ಕ. ಗಾಳಿಯ ಧೂಳು ಅಳೆಯುವ ಈ ಯಂತ್ರವನ್ನು ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿರುವ ಗುತ್ತಿಗೆ ನೌಕರೆ. ದಿನಕ್ಕೊಂದು ಕಾಗದ, ಭಾನುವಾರವೂ ಬಿಡುವಿಲ್ಲ. ಕಾಗದ ತೂಗಿ, ಲೆಕ್ಕ ಹಾಕಿ, ಮಾಲಿನ್ಯ ನಿಯಂತ್ರಣ ಕಚೇರಿಗೆ ವರದಿ ಕಳಿಸಬೇಕು. "ನನ್ನನ್ನ ಇಷ್ಟು ಜೋಪಾನ ಮಾಡಿದ್ರೆ ನೂರು ವರ್ಷ ಬದುಕ್ತಿದ್ದೆ" ಎಂದು ಟೈಲರ್ ಗಂಡ ಛೇಡಿಸುತ್ತಾರೆ.

ಅಳೆದು ಏನು ಕಡಿದು ಕಟ್ಟೆ ಹಾಕಿದರು ಎನ್ನುವವರು ಮುಖ್ಯೋಪಾಧ್ಯಾಯಿನಿಯನ್ನು ಕೇಳಬೇಕು. ಶಾಲೆಯ ಮುಂದೆಯೇ ಜಲ್ಲಿ ಲಾರಿಗಳ ದಾರಿ. "ಮಕ್ಕಳು ಕೆಮ್ತಾರೆ ಅಂದ್ರೆ ಶೀತ ಇರ್ಬೇಕು ಅಂತಿದ್ರು. ಅಕ್ಕನ ವರದಿ ಮುಂದಿಟ್ಟ ಮೇಲೇ ಲಾರಿಗಳಿಗೆ ಟಾರ್ಪಾಲು ಬಂದಿದ್ದು. ಅಂಕಿ ಏರಿದ ದಿನ ನಾವು ಆಟಕ್ಕೆ ಬಿಡಲ್ಲ." ಒಂದು ಘನ ಮೀಟರ್ ಗಾಳಿಯಲ್ಲಿ ಧೂಳು ನೂರು ಮೈಕ್ರೋಗ್ರಾಂ ದಾಟಬಾರದು. ಮೊನ್ನೆಯ ಲೆಕ್ಕ ಇನ್ನೂರ ನಲವತ್ತು. ಟಾರ್ಪಾಲು ಮತ್ತೆ ಮಾಯವಾಗಿದೆ.

ಲಾರಿ ತಡೆಯಬೇಕಾದ ದೊಡ್ಡ ಮನುಷ್ಯರು ಮಾಡಿದ್ದೇನು ಗೊತ್ತೇ? ಎರಡು ವರ್ಷದ ಹಿಂದೆ ಧೂಳಕ್ಕ ಒಂದು ಅರ್ಜಿ ಕೊಟ್ಟಿದ್ದರು: ಮಂಡಿ ನೋವು, ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಹಾಕಿಸಿ. ಆಗ ಯಾರೂ ಕಣ್ಣೆತ್ತಿ ನೋಡಲಿಲ್ಲ. ಹೋದ ವಾರ ಧೂಳು ಕೊಡವಿ ಅದನ್ನೇ ಹೊರಗೆ ತೆಗೆದಿದ್ದಾರೆ. ಸಿಬ್ಬಂದಿಯ ಕೋರಿಕೆಯ ಮೇರೆಗೆ ಯಂತ್ರವನ್ನು ಕಚೇರಿಯ ಹಿಂದಿನ ತೋಟಕ್ಕೆ ಸ್ಥಳಾಂತರಿಸಲಾಗುವುದಂತೆ! ಅಲ್ಲಿ ಮರಗಳಿವೆ, ಹುಲ್ಲುಹಾಸಿದೆ, ಒಂದು ಸೈಕಲ್ಲೂ ಓಡಾಡುವುದಿಲ್ಲ. ಮಕ್ಕಳು ಇಲ್ಲಿ ಧೂಳು ಕುಡಿಯುತ್ತಿರಬೇಕು, ವರದಿ ಮಾತ್ರ ತೋಟದ ಗಾಳಿಯದು. ನಾಚಿಕೆ ಬೇಡವೇ ಇವರಿಗೆ?

"ಅಮ್ಮಾ, ನಿಮ್ಮ ಮಂಡಿಗೋಸ್ಕರಾನೇ ಮಾಡಿದ್ದು, ಒಂದು ಸಹಿ ಹಾಕಿಬಿಡಿ" ಎಂದು ಅಧಿಕಾರಿಯೊಬ್ಬರು ಬೆಣ್ಣೆಯಂತೆ ಮಾತಾಡಿದರಂತೆ. ಧೂಳಕ್ಕನ ಮುಖ ಕೆಂಪಾಗುತ್ತದೆ. "ನಾನು ಕೇಳಿದ್ದು ಕಂಬಿ ಸ್ವಾಮೀ! ಮಕ್ಕಳ ಗಾಳಿ ಅಳೀಬೇಡಿ ಅಂದಿದ್ನಾ? ನನ್ನ ಹೆಸರಲ್ಲೇ ಈ ಮೋಸ ಮಾಡೋದಾ?"

ಸಹಿ ಹಾಕಲಿಲ್ಲ. ಬದಲಿಗೆ ನಿನ್ನೆ ಇನ್ನೊಂದು ಅರ್ಜಿ ಬರೆದುಕೊಟ್ಟಿದ್ದಾರೆ: ಮಂಡಿ ಸರಿಯಾಗಿದೆ, ಕಂಬಿ ಬೇಡ, ಹಳೆಯ ಕೋರಿಕೆ ವಾಪಸ್. ಸರಿಯಾಗಿದೆಯೇ ಎಂದು ಕೇಳಿದರೆ ನಗುತ್ತಾರೆ. ಕಪ್ಪಾದ ಕಾಗದವಿಟ್ಟ ಲಕೋಟೆಯನ್ನು ಎದೆಗವಚಿಕೊಂಡು ಮೇಲಿನ ಮೆಟ್ಟಿಲ ಮೇಲೆ ಕೂರುತ್ತಾರೆ. ಕೂತೇ ಒಂದೊಂದು ಮೆಟ್ಟಿಲಾಗಿ ಕೆಳಗೆ ಜರುಗುತ್ತಾರೆ.

"ನಾನು ಹೀಗೇ ಇಳ್ಕೊಂಡು ಹೋಗ್ತೀನಿ ಬಿಡಿ. ಯಂತ್ರ ಮಾತ್ರ ಇಳಿಸೋಕೆ ಬಿಡಲ್ಲ."